ಕಾಂಗರೂ ಆರೈಕೆಗೆ ಐದಕ್ಕೆ ಐದು, ಕೊರೋನಾ ಕಾಲದಲ್ಲಿ ಅದನ್ನು ನಿಲ್ಲಿಸಿದ್ದಕ್ಕೆ ಸೊನ್ನೆ

ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ ಕೂಸುಗಳಿಗೆ ಆಸ್ಪತ್ರೆಗಳಲ್ಲಿ ಕೊಡುವ ಕಾಂಗರೂ ಆರೈಕೆ ಬಗ್ಗೆ ಈ ರಿವ್ಯೂ. ಇದೂ ಒಂದು ಸೇವೆಯೇ ಅಲ್ವಾ, ಒಳ್ಳೆಯದು ಕೆಟ್ಟದ್ದು ಎರಡನ್ನೂ ಬಿಡಿಸಿ ಹೇಳುವವರು ಬೇಕು. ನನ್ನ ಲೆಕ್ಕದಲ್ಲಿ ಈ ಸೇವೆಗೆ ಐದಕ್ಕೆ ಐದು ಸ್ಟಾರ್. ಆದರೆ ಕೊರೋನಾ ಬಂದಾಗ ಬಡ ದೇಶಗಳ ಎಷ್ಟೋ ಆಸ್ಪತ್ರೆಗಳು ಇದನ್ನು ನಿಲ್ಲಿಸಿಬಿಟ್ಟವು. ಆ ನಿರ್ಧಾರಕ್ಕೆ ಒಂದು ಸ್ಟಾರ್ ಕೊಡೋಕೂ ನನಗೆ ಮನಸ್ಸಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಮಗುವಿಗೆ ಡೈಪರ್, ಟೋಪಿ, ಕಾಲುಚೀಲ, ಇಷ್ಟೇ. ತಾಯಿಯ ಬರಿ ಎದೆಯ ಮೇಲೆ ಮಗುವನ್ನು ನೆಟ್ಟಗೆ ಒರಗಿಸಿ, ಕೈಕಾಲು ಕಪ್ಪೆಯ ಹಾಗೆ ಮಡಚಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಬಟ್ಟೆಯಿಂದ ಕಟ್ಟುತ್ತಾರೆ. ಗಲ್ಲ ಸ್ವಲ್ಪ ಮೇಲಕ್ಕಿರಬೇಕು, ಕತ್ತು ಮುಂದಕ್ಕೆ ಬಗ್ಗಿದರೆ ಉಸಿರಿಗೆ ತೊಂದರೆ. ಬಟ್ಟೆಯ ಮೇಲಂಚು ಮಗುವಿನ ಕಿವಿಯ ಕೆಳಗೆ ಬರಬೇಕು. ತಾಯಿ ಎದ್ದು ನಿಂತರೂ ಮಗು ಜಾರದಷ್ಟು ಎದೆಯ ಹತ್ತಿರ ಬಿಗಿ ಇರಬೇಕು, ಮಗುವಿನ ಹೊಟ್ಟೆಯ ಹತ್ತಿರ ಮಾತ್ರ ಸಡಿಲ, ಯಾಕಂದ್ರೆ ಅದು ಉಸಿರಾಡೋದು ಹೊಟ್ಟೆಯಿಂದ. ಚೀಪುವ ಶಕ್ತಿ ಇಲ್ಲದಿದ್ದರೆ ಎದೆಹಾಲನ್ನೇ ಹಿಂಡಿ ಪುಟ್ಟ ಲೋಟದಲ್ಲೋ ಒಳಲೆಯಲ್ಲೋ ಕುಡಿಸುತ್ತಾರೆ. ಕರೆಂಟು ಬೇಡ, ಬಿಡಿಭಾಗ ಬೇಡ, ರಿಪೇರಿ ಮಾಡುವವನಿಗೆ ಕಾಯೋದು ಬೇಡ.

ಇದು ಶುರುವಾಗಿದ್ದೇ ಇಲ್ಲದವರ ನಡುವೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದ ಒಂದು ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್, ಅಂದ್ರೆ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ, ಸಾಲುತ್ತಿರಲಿಲ್ಲ, ಒಂದರಲ್ಲೇ ಹಲವು ಮಕ್ಕಳನ್ನು ಮಲಗಿಸಿ ಸೋಂಕು ಹರಡುತ್ತಿತ್ತು. ಆಗ ಎಡ್ಗರ್ ರೇ, ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರು ಮಕ್ಕಳನ್ನು ತಾಯಂದಿರ ಎದೆಗೇ ಕೊಟ್ಟರು. ಹಾಗಂತ ಇದು ಬಡವರಿಗೆ ಕೊಡುವ ಎರಡನೇ ದರ್ಜೆ ಚಿಕಿತ್ಸೆ ಅಂದ್ಕೋಬೇಡಿ. ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಅಧ್ಯಯನ ಮಾಡಿಸಿತು. 1 ಕೆಜಿಯಿಂದ 1.8 ಕೆಜಿಗಿಂತ ಕಡಿಮೆ ತೂಕದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. ಹುಟ್ಟಿದ ತಕ್ಷಣ ಕಾಂಗರೂ ಆರೈಕೆ ಸಿಕ್ಕ ಮಕ್ಕಳಲ್ಲಿ ಮೊದಲ 28 ದಿನಗಳಲ್ಲಿ ತೀರಿಕೊಂಡವರು ನೂರಕ್ಕೆ 12. ಸ್ಥಿತಿ ಸುಧಾರಿಸಲಿ ಅಂತ ಕಾದು ಆಮೇಲೆ ಶುರು ಮಾಡಿದವರಲ್ಲಿ 15.7. ಲಾಭ ಎಷ್ಟು ಸ್ಪಷ್ಟವಾಗಿ ಕಂಡಿತು ಅಂದ್ರೆ, ಹೊಸ ಮಕ್ಕಳನ್ನು ಸೇರಿಸಿಕೊಳ್ಳೋದನ್ನು 2020ರ ಜನವರಿಯಲ್ಲಿ, ಅಂದುಕೊಂಡಿದ್ದಕ್ಕಿಂತ ಮೊದಲೇ ನಿಲ್ಲಿಸಿದರು. ಇಷ್ಟು ಗೊತ್ತಾದ ಮೇಲೂ ಒಂದು ಗುಂಪಿನ ಮಕ್ಕಳಿಗೆ ಆರೈಕೆ ತಡ ಮಾಡೋದು ಸರಿಯಲ್ಲ ಅಂತ.

ಅದಾದ ಕೆಲವೇ ವಾರಗಳಲ್ಲಿ ಕೊರೋನಾ.

ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ನೇರವಾಗಿತ್ತು. ತಾಯಿಗೆ ಸೋಂಕು ಇದ್ದರೂ ಮಗುವನ್ನು ಬೇರೆ ಮಾಡಬೇಡಿ, ಮಾಸ್ಕ್ ಹಾಕಿಸಿ, ಕೈ ತೊಳೆಸಿ, ಎದೆಹಾಲು ಕುಡಿಸಲಿ. ಆದರೆ ವಾರ್ಡುಗಳಲ್ಲಿ ನಡೆದದ್ದು ಬೇರೆ. 62 ದೇಶಗಳ ಆರೋಗ್ಯ ಸಿಬ್ಬಂದಿಯನ್ನು ಕೇಳಿದಾಗ, ಸೋಂಕು ಇರುವ ಅಥವಾ ಇರಬಹುದು ಎಂಬ ಅನುಮಾನ ಇರುವ ತಾಯಂದಿರ ಎದೆಗೆ ಮಗುವನ್ನು ಕೊಡುತ್ತಿಲ್ಲ ಅಂತ ಮೂರರಲ್ಲಿ ಎರಡು ಪಾಲು ಜನ ಹೇಳಿದರು. ಸುಮಾರು ಕಾಲು ಭಾಗ ಜನ ಎದೆಹಾಲನ್ನೂ ಬಿಡುತ್ತಿರಲಿಲ್ಲ. ಸುಮ್ನೆ ಅನುಮಾನ ಇದ್ದರೂ ಸಾಕು, ಹೆತ್ತವಳು ಒಂದು ಕಡೆ, ಕೂಸು ಒಂದು ಕಡೆ.

ನರ್ಸುಗಳನ್ನು ಬೈಯೋಕೆ ನಾನು ತಯಾರಿಲ್ಲ. ಮಾಸ್ಕಿಗೇ ಪರದಾಡುವ ಜಾಗದಲ್ಲಿ, ಜೊತೆಯವರು ಒಬ್ಬೊಬ್ಬರೇ ಹಾಸಿಗೆ ಹಿಡಿಯುತ್ತಿರುವಾಗ ಯಾರಿಗೆ ಭಯ ಇರಲ್ಲ ಹೇಳಿ. ನನ್ನ ಸಿಟ್ಟು ನಿಯಮ ಬರೆದವರ ಮೇಲೆ. ಅವರು ವೈರಸ್ಸಿನ ಅಪಾಯ ಮಾತ್ರ ಲೆಕ್ಕ ಹಾಕಿದರು, ತಾಯಿಯಿಂದ ದೂರ ಇಟ್ಟ ಒಂದೂವರೆ ಕೆಜಿ ಮಗು ತಣ್ಣಗಾಗುವ ಅಪಾಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 2021ರಲ್ಲಿ ಸಂಶೋಧಕರು ಆ ಲೆಕ್ಕವನ್ನೂ ಮಾಡಿದರು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಕಾಂಗರೂ ಆರೈಕೆ ಎಲ್ಲರಿಗೂ ಸಿಕ್ಕರೆ 1,25,000ಕ್ಕೂ ಹೆಚ್ಚು ಮಕ್ಕಳು ಉಳಿಯಬಹುದು, ಅದೇ ಆರೈಕೆಯಿಂದ ಸೋಂಕು ತಗುಲಿ ಸಾಯಬಹುದಾದವರು 2,000ಕ್ಕೂ ಕಡಿಮೆ. ಇದರಲ್ಲಿ ಯೋಚಿಸೋಕೆ ಏನಿದೆ?

ಇನ್ನು ಆಸ್ಪತ್ರೆಯ ಬಾಗಿಲಿಗೇ ಬರಲಾಗದವರ ಕಥೆ. ನೇಪಾಳದ ಒಂಬತ್ತು ಆಸ್ಪತ್ರೆಗಳಲ್ಲಿ ಲಾಕ್‌ಡೌನ್ ಸಮಯದಲ್ಲಿ ಹೆರಿಗೆಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು. ಅಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸಾಯುತ್ತಿದ್ದವರು 13ರಿಂದ 40ಕ್ಕೆ ಏರಿದರು. ಈ ಅಂಕಿ ಓದಿ ನನಗೆ ಸ್ವಲ್ಪ ಹೊತ್ತು ಬೇರೇನೂ ಓದೋಕೆ ಆಗಲಿಲ್ಲ.

ಸೇವೆಯಲ್ಲಿ ಕೊರತೆ ಇಲ್ವಾ ಅಂದ್ರೆ, ಇದೆ. ಎಲ್ಲ ಭಾರ ತಾಯಿಯ ಮೇಲೆ. ನಾನು ನೋಡಿದ ಒಂದು ವಾರ್ಡಿನಲ್ಲಿ ಒರಗಲು ಬೆನ್ನಿಲ್ಲದ ಸ್ಟೂಲು ಕೊಟ್ಟಿದ್ದರು. ಸಿಸೇರಿಯನ್ ಹೊಲಿಗೆ ಇನ್ನೂ ಮಾಗದ ಹೆಂಗಸು ಒಂದು ಕೈ ಗೋಡೆಗೆ, ಒಂದು ಕೈ ಮಗುವಿನ ಬೆನ್ನಿಗೆ ಕೊಟ್ಟು ಕೂತಿದ್ದಳು. ಹೀಗೆ ಕೂರಿಸಿ ದಿನಕ್ಕೆ ಇಷ್ಟು ಗಂಟೆ ಮಾಡಮ್ಮಾ ಅಂದ್ರೆ ಯಾರಿಂದ ಆಗುತ್ತೆ? ಬೆನ್ನು ಒರಗಿಸಬಲ್ಲ ಮಂಚ, ಒಂದು ಪರದೆ, ಹೊತ್ತಿಗೆ ಊಟ, ತಾಯಿ ಸ್ನಾನಕ್ಕೆ ಹೋದಾಗ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಇನ್ನೊಬ್ಬರು, ಇಷ್ಟು ಇಲ್ಲದೆ ಈ ಸೇವೆ ನಡೆಯಲ್ಲ. ಕೊರೋನಾದಲ್ಲಿ ಆ ಇನ್ನೊಬ್ಬರನ್ನು ಗೇಟಿನಲ್ಲೇ ತಡೆದರು. ಅಪ್ಪನ ಎದೆಯೂ ಅಜ್ಜಿಯ ಎದೆಯೂ ಅಷ್ಟೇ ಬೆಚ್ಚಗಿರುತ್ತೆ, ಅವರನ್ನು ಬರೀ ನೋಡಲು ಬಂದವರು ಅಂತ ಎಣಿಸಿದ್ದು ದೊಡ್ಡ ತಪ್ಪು.

ಎಲ್ಲ ಮಕ್ಕಳಿಗೂ ಇದು ತಕ್ಷಣಕ್ಕೆ ಆಗಲ್ಲ, ಅದೂ ಗೊತ್ತಿರಲಿ. ತಾನಾಗಿ ಉಸಿರಾಡದ, ರಕ್ತ ಸಂಚಾರ ಕುಸಿದು ಶಾಕ್‌ಗೆ ಹೋದ, ವೆಂಟಿಲೇಟರ್ ಬೇಕಾದ ಮಕ್ಕಳಿಗೆ ಮೊದಲು ಆ ಚಿಕಿತ್ಸೆಯೇ ಆಗಬೇಕು. ಉಳಿದ ಪುಟ್ಟ ಕೂಸುಗಳಿಗೆಲ್ಲ ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ.

ನಿಮ್ಮ ಮನೆಯಲ್ಲಿ ಯಾರದಾದರೂ ಹೆರಿಗೆ ಹತ್ತಿರ ಇದ್ದರೆ, ಮಗು ಚಿಕ್ಕದಾಗಿ ಹುಟ್ಟಿದರೆ ತಾಯಿಯೂ ಅದರ ಜೊತೆಗೇ ಇರಬಹುದಾ ಅಂತ ಆಸ್ಪತ್ರೆಯಲ್ಲಿ ಈಗಲೇ ಕೇಳಿ. ತಾಯಿಗೆ ಹುಷಾರಿಲ್ಲದಿದ್ದರೆ ಮಗುವನ್ನು ಯಾರ ಎದೆಗೆ ಕೊಡ್ತೀರಿ ಅಂತಲೂ ಕೇಳಿ. ಸರಿಯಾದ ಉತ್ತರ ಬರದಿದ್ದರೆ ವಾರ್ಡಿನ ಹಿರಿಯ ನರ್ಸ್ ಹತ್ತಿರ ಕೂತು ಮಾತಾಡಿ, ಎಷ್ಟೋ ಸಲ ಮಾಡಿಸಬೇಕು ಅನ್ನೋ ಮನಸ್ಸು ಅವರಿಗೂ ಇರುತ್ತೆ.