ಜನ್ಮ ದಾಖಲಾ: ಕೌಂಟರಿಗೆ ನಾಲ್ಕು ಸ್ಟಾರ್, ನರ್ಸಿಂಗ್ ಹೋಮಿಗೆ ಒಂದು

ಪುಣೆಯಲ್ಲಿ ಮಗುವಿನ ಬರ್ತ್ ಸರ್ಟಿಫಿಕೇಟ್ (ಮರಾಠಿಯಲ್ಲಿ ಜನ್ಮ ದಾಖಲಾ) ತೆಗೆಸಿದ ಅನುಭವ ಬರೀರಿ ಅಂತ ನಮ್ಮ ಸೊಸೈಟಿಯ ಕನ್ನಡದವರು ಇಬ್ಬರು ಕೇಳಿದ್ದರು. ಎಷ್ಟು ದಿನ, ಎಷ್ಟು ದುಡ್ಡು, ಅಷ್ಟೇ ಅವರಿಗೆ ಬೇಕಿದ್ದದ್ದು. ಅದನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ನನ್ನ ಸಿಟ್ಟು.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ವರದಿ ಕಳಿಸುವುದು ಆಸ್ಪತ್ರೆಯ ಕೆಲಸ. 21 ದಿನದೊಳಗೆ ಆದರೆ ಖರ್ಚಿಲ್ಲ. 30 ದಿನದ ತನಕ ಸ್ವಲ್ಪ ದಂಡ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಆಗ ಶುರುವಾಗುತ್ತದೆ ನಿಜವಾದ ಓಡಾಟ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನಮ್ಮಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ಯಾರೂ ಬಾಯಿ ಬಿಡುವುದಿಲ್ಲ ಅಲ್ವಾ, ಅದಕ್ಕೆ ಕಾನೂನಿನಲ್ಲೇ ಜಾಗ ಇದೆ. 12 ತಿಂಗಳೊಳಗೆ ಹೆಸರು ಸೇರಿಸಿದರೆ ದಂಡವೂ ಇಲ್ಲ. ಇನ್ನೊಂದು, ಹುಟ್ಟಿದ ಊರಲ್ಲೇ ನೋಂದಣಿ. ಮೊದಲ ಮಗಳು ತವರುಮನೆ ವಿಜಯಪುರದಲ್ಲಿ ಹುಟ್ಟಿದ್ದು, ಅವಳ ಸರ್ಟಿಫಿಕೇಟಿಗೆ ಪುಣೆಯಲ್ಲಿ ಎಷ್ಟು ಕೇಳಿದರೂ ಪ್ರಯೋಜನ ಇಲ್ಲ, ಅಲ್ಲಿಂದಲೇ ತರಿಸಬೇಕು. ಎರಡನೆಯವನು ಇಲ್ಲೇ ಹುಟ್ಟಿದ. ಈ ಕಥೆ ಅವನದ್ದು.

ಸರ್ಟಿಫಿಕೇಟ್ ಕೊಡುವುದು ಪಾಲಿಕೆಯ ವಾರ್ಡ್ ಆಫೀಸು. ಅಲ್ಲಿಯ ಕೌಂಟರ್ ಬಗ್ಗೆ ನನಗೆ ಭಯ ಇತ್ತು. 'ಉದ್ಯಾ ಯಾ', ನಾಳೆ ಬನ್ನಿ ಅಂತ ಕಳಿಸುತ್ತಾರೆ ಅಂದುಕೊಂಡಿದ್ದೆ. ಗೇಟಿನ ಹೊರಗೆ ಮರದ ಕೆಳಗೆ ಕೂತಿದ್ದ ಏಜೆಂಟ್ ಸಾವಿರದ ಐನೂರು ಕೇಳಿದ, ನಾನು ಹೆಚ್ಚುಕಮ್ಮಿ ಪರ್ಸ್ ತೆಗೆದಿದ್ದೆ. ಒಳಗೆ ಹೋದರೆ ಕೌಂಟರಿನ ಹೆಂಗಸು ನನ್ನ ಹರಕು ಮರಾಠಿ ಕೇಳಿ, ಸಾವಕಾಶ ಹೇಳಿ ಅಂತ ಸುಮ್ನೆ ಕೂತರು. ರಿಜಿಸ್ಟರ್ ತೆಗೆದು ತೋರಿಸಿದರು. ಅದರಲ್ಲಿ ಒಂದು ತಪ್ಪು ಕಂಡಿತು. ನನ್ನ ಹೆಸರಿನ ಮುಂದೆ ಗಂಡನ ಹೆಸರು, ಅಡ್ಡಹೆಸರು ಎರಡೂ ಸೇರಿದ್ದವು. ಮಹಾರಾಷ್ಟ್ರದ ಪದ್ಧತಿ. ನನ್ನ ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಇರುವುದು ಅಪ್ಪನ ಹೆಸರು. ಯಾರೂ ನನ್ನನ್ನು ಕೇಳಿರಲಿಲ್ಲ.

ಇದು ಸಣ್ಣ ತಪ್ಪು ಅನ್ನಬೇಡಿ. 2023ರ ಅಕ್ಟೋಬರ್ 1ರಿಂದ ಜನನ ಮರಣ ನೋಂದಣಿಯ ತಿದ್ದುಪಡಿ ಕಾನೂನು ಜಾರಿಯಲ್ಲಿದೆ. ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಊರಿನ ದಾಖಲೆ ಅಂದರೆ ಇದೊಂದೇ ಹಾಳೆ. ನಮ್ಮ ಅಪ್ಪನ ಕಾಲ ಬೇರೆ. ಅಪ್ಪ ಹುಟ್ಟಿದ್ದು ಸೀಗಿ ಹುಣ್ಣಿಮೆ ಮರುದಿನ ಅಂತ ಅಜ್ಜಿ ಹೇಳುತ್ತಿದ್ದಳು. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಅಂತ ಬರೆದರು. ನಾಲ್ಕು ತಿಂಗಳು ಮೊದಲೇ ರಿಟೈರ್ ಆದರು, ಅಷ್ಟರಲ್ಲೇ ಮುಗಿಯಿತು. ಅವರ ಓಣಿಯಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು. ಈಗ ಮಾಸ್ತರರ ಮೇಲೆ ಬಿಡುವ ಹಾಗಿಲ್ಲ.

ತಿದ್ದುಪಡಿಗೆ ನರ್ಸಿಂಗ್ ಹೋಮಿನ ಪತ್ರ ಬೇಕಿತ್ತು. ಹೋದೆ. ಅಲ್ಲಿಯ ಕ್ಲರ್ಕ್ ಹಳೆಯ ಫೈಲು ತೆಗೆದಾಗ ಅವರು ಕಳಿಸಿದ್ದ ಜನನ ವರದಿಯ ಫಾರ್ಮಿನ ಝೆರಾಕ್ಸ್ ನನ್ನ ಕೈಗೆ ಬಂತು. ಅಸಲಿ ಗಲಾಟೆ ಅಲ್ಲಿದೆ.

ಆ ಫಾರ್ಮಿಗೆ ಎರಡು ಭಾಗ. ಒಂದು ರಿಜಿಸ್ಟರಿಗೆ, ಅದರಿಂದಲೇ ನಿಮ್ಮ ಕೈಗೆ ಬರುವ ಸರ್ಟಿಫಿಕೇಟ್. ಇನ್ನೊಂದು ಅಂಕಿಅಂಶಕ್ಕೆ. ತಾಯಿಯ ಓದು, ಕೆಲಸ, ಮದುವೆಯಾದಾಗ ಎಷ್ಟು ವಯಸ್ಸು, ಹೆರಿಗೆ ಹೇಗಾಯಿತು, ಎಷ್ಟು ವಾರದ ಬಸಿರು, ಮಗುವಿನ ತೂಕ. ಇದನ್ನು ಬೇರ್ಪಡಿಸಿ ಲೆಕ್ಕಕ್ಕೆ ಕಳಿಸುತ್ತಾರೆ. ನನ್ನ ಫಾರ್ಮಿನಲ್ಲಿ ಓದು ಹತ್ತನೇ ಕ್ಲಾಸ್. ಕೆಲಸ, ಗೃಹಿಣಿ. ನಾನು ಎಂ.ಟೆಕ್. ಮಾಡಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದೇನೆ, ಹೆರಿಗೆಯ ಹಿಂದಿನ ಶುಕ್ರವಾರ ಕೂಡ ಮೀಟಿಂಗಿನಲ್ಲಿ ಕೂತಿದ್ದೆ. ಅದೂ ಹೋಗಲಿ. ಮಗನ ತೂಕ 3 ಕೆಜಿ ಅಂತ ಬರೆದಿದ್ದರು. ಡಿಸ್ಚಾರ್ಜ್ ಕಾರ್ಡಿನಲ್ಲಿ 2.4 ಇದೆ!

ಕೇಳಿದ್ದಕ್ಕೆ ಕ್ಲರ್ಕ್ ನಕ್ಕ. 'ಕಾಹೀ ಫರಕ್ ಪಡತ್ ನಾಹೀ ಮ್ಯಾಡಂ, ಏನೂ ವ್ಯತ್ಯಾಸ ಆಗಲ್ಲ, ಇದು ಸರ್ಟಿಫಿಕೇಟಿನ ಮೇಲೆ ಬರುವುದೇ ಇಲ್ಲ.' ಸಹಿ ಮಾಡಿದ್ದು ನನ್ನ ಗಂಡನೇ, ಓದದೆ. ಮನೆಗೆ ಬಂದು ಅವರಿಗೂ ಬೈದೆ.

ಫರಕ್ ಬೀಳುತ್ತದೆ. 2.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅಂತ ಲೆಕ್ಕ. ನನ್ನ ಮಗ ಆ ಲೆಕ್ಕದಿಂದ ಮಾಯವಾದ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಗೊತ್ತಲ್ಲ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಅಳೆದು ಬರೆದಿಟ್ಟಿದ್ದರು. ಅದರಿಂದ ಮುಂದೆ ಏನಾದರೂ ಉಪಯೋಗ ಆಗುತ್ತದೆ ಅಂತ ಬರೆದವರಿಗೆ ಅನಿಸಿರಲಿಕ್ಕಿಲ್ಲ. ಹತ್ತಾರು ವರ್ಷದ ಮೇಲೆ ಸಂಶೋಧಕರು ಆ ಪುಸ್ತಕ ಹಿಡಿದು ಆ 'ಮಕ್ಕಳನ್ನು' ಮೈಸೂರಿನಲ್ಲೇ ಹುಡುಕಿದರು. ಚಿಕ್ಕದಾಗಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಅಂತ 1996ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮ ಪುಣೆಯ ಕೆಇಎಂ ಆಸ್ಪತ್ರೆಯಲ್ಲೂ ಸಕ್ಕರೆ ಕಾಯಿಲೆಯ ತಜ್ಞ ಡಾ. ಯಾಜ್ಞಿಕ್ ಅವರ ತಂಡ 1993ರಿಂದ ಸುತ್ತಲಿನ ಹಳ್ಳಿಗಳ ತಾಯಂದಿರು, ಮಕ್ಕಳನ್ನು ನೋಡುತ್ತಾ ಬಂದಿದೆ. ಆ ಕೂಸುಗಳ ಸರಾಸರಿ ತೂಕ ಸುಮಾರು 2.7 ಕೆಜಿ. ಇಂಗ್ಲೆಂಡಿನ ಕೂಸುಗಳಿಗಿಂತ ಎಷ್ಟೋ ಸಣ್ಣವು, ಆದರೆ ಮೈಯಲ್ಲಿ ಕೊಬ್ಬು ಮಾತ್ರ ಅಷ್ಟು ಕಡಿಮೆ ಇಲ್ಲ. ನಮ್ಮವರಿಗೆ ಸಕ್ಕರೆ ಕಾಯಿಲೆ ಯಾಕೆ ಬೇಗ ಬರುತ್ತದೆ ಅನ್ನುವುದಕ್ಕೆ ಅಲ್ಲೊಂದು ಎಳೆ ಸಿಕ್ಕಿತು. ಇವೆರಡೂ ಸರ್ಕಾರದ ಫಾರ್ಮ್ ನೋಡಿ ಮಾಡಿದ್ದಲ್ಲ, ನಿಜ. ಆದರೆ ಮೈಸೂರಿನ ನರ್ಸ್ ಕೂಡ ಎಲ್ಲರಿಗೂ ಒಂದೇ ತೂಕ ಗೀಚಿ ಚಹಾ ಕುಡಿಯಲು ಹೋಗಿದ್ದರೆ?

ಹೆಸರಿನ ತಪ್ಪು ಒಂಬತ್ತು ದಿನದಲ್ಲಿ ಸರಿಯಾಯಿತು. ಒಂದು ಅಫಿಡವಿಟ್, ಆಸ್ಪತ್ರೆಯ ಪತ್ರ, ನನ್ನ ಆಧಾರ್, ಎರಡು ಸಲ ಹೋಗಿ ಬಂದದ್ದು. ಏಜೆಂಟ್ ಬೇಕಾಗಲಿಲ್ಲ. ತೂಕ ತಿದ್ದಬಹುದಾ ಅಂತ ಕೌಂಟರಿನ ಹೆಂಗಸನ್ನು ಕೇಳಿದೆ. ಆ ಭಾಗ ಯಾವಾಗಲೋ ಹೋಗಿ ಆಯಿತು, ನಮ್ಮ ಹತ್ತಿರ ಇಲ್ಲ ಅಂದರು. ಇಷ್ಟು ವರ್ಷದಲ್ಲಿ ಅದನ್ನು ಕೇಳಿಕೊಂಡು ಬಂದವರು ನೀವೇ ಮೊದಲು ಅಂತ ನಕ್ಕರು. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕಲ್ಲ. ಅಲ್ಲಿ ಬಾಣಂತಿಯರಿಗೆ ಕೂರಲು ಒಂದು ಕುರ್ಚಿ ಇಲ್ಲ.

ಹೆರಿಗೆಗೆ ಹೋಗುವವರು ಡಿಸ್ಚಾರ್ಜ್ ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಎರಡೂ ಭಾಗ ಓದಿ, ಆಮೇಲೆ ಸಹಿ ಮಾಡಿ. ನಿಮಗೆ ಆಗದಿದ್ದರೆ ಅತ್ತೆಯನ್ನೋ ತಂಗಿಯನ್ನೋ ಕೂರಿಸಿ. ಗಂಡಂದಿರನ್ನು ನಂಬಬೇಡಿ.

ನರ್ಸಿಂಗ್ ಹೋಮಿಗೆ ಕೊಟ್ಟ ಆ ಒಂದು ಸ್ಟಾರ್ ಕೂಡ ಅಲ್ಲಿಯ ಆಯಾಗೆ. ಕೂಸು ಕೈಕಾಲು ಆಡಿಸುತ್ತಿದೆ ಅಂತ ಎರಡು ಸಲ ತೂಗಿ, ನರ್ಸಿಗೆ ಹೇಳಿ ಕಾರ್ಡಿನಲ್ಲಿ 2.4 ಅಂತ ಬರೆಸಿದ್ದು ಅವರೇ.