ಸಂಡೂರಿನ ಧೂಳು, ಆಗುಂಬೆಯ ಮಳೆ: ಏರ್ ಫಿಲ್ಟರಿಗೆ ಹಾಕಿದ ಸಾಕ್ಸು ಮೂರು ವರ್ಷದ ಮೇಲೆ ಹೇಗಿದೆ

ಸಾಕ್ಸು ಅಂದರೆ ಧೂಳು, ನೀರು ತಡೆಯಲು ಏರ್ ಫಿಲ್ಟರಿನ ಮೇಲೆ ಎಳೆದು ಹಾಕುವ ಬಟ್ಟೆಯ ಚೀಲ. ಮೊದಲು ಗಾಡಿ ವಿಷಯ. 2015ರ ಸ್ವಿಫ್ಟ್, 1.2 ಪೆಟ್ರೋಲ್. ನಾನು ಸೆಕೆಂಡ್ ಹ್ಯಾಂಡ್ ತಗೊಳ್ಳುವ ಹೊತ್ತಿಗೇ ಹಳೇ ಓನರ್ ಏರ್ ಫಿಲ್ಟರ್ ಕೂರುವ ಮುಚ್ಚಿದ ಡಬ್ಬ, ಅಂದರೆ ಕಂಪನಿಯ ಏರ್‌ಬಾಕ್ಸ್ ಕಿತ್ತು ಹಾಕಿ ಒಂದು ಅಲ್ಯೂಮಿನಿಯಂ ಪೈಪು, ಅದರ ತುದಿಗೆ ಎಣ್ಣೆ ಹಚ್ಚಿದ ಕಾಟನ್ ಕೋನ್ ಫಿಲ್ಟರ್ ಕೂರಿಸಿದ್ದ. ಏರ್‌ಬಾಕ್ಸ್ ಎಲ್ಲಿ ಅಂತ ಕೇಳಿದರೆ "ಗುಜರಿಗೆ ಹೋಯ್ತು ಬಾಸ್" ಅಂದ. ಸದ್ದು ಚೆನ್ನಾಗಿತ್ತು. ನಾನೂ ಸುಮ್ಮನಾದೆ.

ಆದರೆ ನನ್ನ ಓಡಾಟ ಇಂಥ ಫಿಲ್ಟರಿಗೆ ಹೇಳಿ ಮಾಡಿಸಿದ್ದಲ್ಲ. ಕೆಲಸ ಹೊಸಪೇಟೆಯಲ್ಲಿ, ವಾರಕ್ಕೆ ಮೂರು ದಿನ ಸಂಡೂರಿನ ಕಡೆ. ಹೆಂಡತಿಯ ತವರು ತೀರ್ಥಹಳ್ಳಿ ಹತ್ತಿರ. ಅಂದರೆ ವಾರವೆಲ್ಲ ಅದಿರು ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯಬೇಕು, ಹಬ್ಬ ಬಂತು ಅಂದರೆ ಮಲೆನಾಡಿನ ಮಳೆಯಲ್ಲಿ ನೆನೆಯಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಒಂದೇ ಫಿಲ್ಟರ್ ಎರಡನ್ನೂ ತಡೆಯಬೇಕು.

ಮೊದಲನೇ ಮಳೆಗಾಲದಲ್ಲಿ ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ದುಡ್ಡು ಯಾಕೆ ಹಾಕಬೇಕು ಅಂತ ಹಳೇ ಬನಿಯನ್ ಕತ್ತರಿಸಿ ಫಿಲ್ಟರಿಗೆ ಸುತ್ತಿ ದಾರ ಕಟ್ಟಿದೆ. ಹೊಸಪೇಟೆಯಲ್ಲಿ ಎರಡು ತಿಂಗಳು ಏನೂ ಆಗಲಿಲ್ಲ. ಜುಲೈನಲ್ಲಿ ಉಡುಪಿಗೆ ಹೋಗಿ ವಾಪಸ್ ಬರುವಾಗ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಬೇಕು, 14 ಹೇರ್‌ಪಿನ್ ತಿರುವು, ಜಡಿ ಮಳೆ. ನಾಲ್ಕನೇ ತಿರುವಿಗೆ ಗಾಡಿ ಎಳೆಯುವುದನ್ನೇ ಬಿಟ್ಟಿತು. ಸೆಕೆಂಡ್ ಗೇರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮುದುಕರ ಥರ ಏದುಸಿರು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಸ್ವಲ್ಪ ಜಾಗ ಸಿಕ್ಕ ಕಡೆ ನಿಲ್ಲಿಸಿ ಬಾನೆಟ್ ಎತ್ತಿದರೆ ಬನಿಯನ್ ನೀರು ಕುಡಿದು ಉಬ್ಬಿ ಫಿಲ್ಟರಿಗೆ ಅಂಟಿಕೊಂಡಿದೆ, ಒಗೆದು ಹಿಂಡದೇ ಬಿಟ್ಟ ಬಟ್ಟೆ ಇರುತ್ತಲ್ಲ, ಹಾಗೆ. ನೆನೆದ ಹತ್ತಿಬಟ್ಟೆಯಿಂದ ಗಾಳಿ ಹೋಗುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಅಲ್ಲಿ. ಕಿತ್ತು ಬಿಸಾಕಿದ ಮೇಲೆ ಗಾಡಿ ಸರಾಗವಾಗಿ ಹತ್ತಿತು. ಪ್ಲಾಸ್ಟಿಕ್ ಕವರ್ ಕಟ್ಟುವವರನ್ನೂ ನೋಡಿದ್ದೇನೆ. ಅದು ಇನ್ನೂ ಅಪಾಯ, ಇಂಜಿನ್ ಎಳೆದ ರಭಸಕ್ಕೆ ಕವರ್ ಫಿಲ್ಟರಿಗೆ ಮೆತ್ತಿಕೊಂಡು ಉಸಿರೇ ಕಟ್ಟುತ್ತದೆ. ಲೆಕ್ಕ ಬೇಕಾದರೆ ಕೇಳಿ, 1.2 ಲೀಟರ್ ಇಂಜಿನ್ 3000 ಆರ್‌ಪಿಎಂನಲ್ಲಿ ಪೂರ್ತಿ ಒತ್ತಿದಾಗ ನಿಮಿಷಕ್ಕೆ ಹತ್ತಿರ ಹತ್ತಿರ 1800 ಲೀಟರ್ ಗಾಳಿ ಎಳೆಯುತ್ತದೆ.

ಆಮೇಲೆ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಈ ಸಾಕ್ಸು ತಗೊಂಡೆ. ಡಬ್ಬದ ಮೇಲೆ ಪ್ರೀ ಫಿಲ್ಟರ್ ಅಂತಿದೆ, ಅಂಗಡಿಯವರ ಬಾಯಲ್ಲಿ ಅದು ಸಾಕ್ಸು. 1,850 ರೂಪಾಯಿ. ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಬಲೆ, ನೀರು ಹಿಡಿಯದ ಹಾಗೆ ಕೋಟಿಂಗ್, ಬುಡದಲ್ಲಿ ಎಲಾಸ್ಟಿಕ್. ಕೋನ್ ಮೇಲೆ ಟೋಪಿ ಹಾಕಿದ ಹಾಗೆ ಎಳೆದರೆ ಆಯಿತು. ಕೈಯಲ್ಲಿ ಹಿಡಿದರೆ "ಇಷ್ಟಕ್ಕೆ ಇಷ್ಟು ದುಡ್ಡಾ" ಅನ್ನಿಸುವುದು ಸಹಜ. ನನಗೂ ಅನ್ನಿಸಿತು.

ಈಗ ಮೂರು ವರ್ಷ, 46,000 ಕಿಲೋಮೀಟರ್ ಆಗಿದೆ.

ಧೂಳಿನ ವಿಷಯದಲ್ಲಿ ನನ್ನದು ಪೂರ್ತಿ ಮಾರ್ಕ್ಸ್. ಇದನ್ನು ಸುಮ್ನೆ ಹೇಳುತ್ತಿಲ್ಲ. ಸಾಕ್ಸು ಹಾಕುವ ಮೊದಲು ಒಂದು ದಿನ ಫಿಲ್ಟರ್ ಬಿಚ್ಚಿ, ಪೈಪಿನ ಒಳಗೆ ಬೆರಳಿಗೆ ಬಿಳಿ ಕರ್ಚೀಫ್ ಸುತ್ತಿ ಒರೆಸಿ ನೋಡಿದ್ದೆ. ಫಿಲ್ಟರ್ ದಾಟಿದ ಮೇಲಿನ ಜಾಗ ಅದು, ಅಲ್ಲಿ ಏನೂ ಇರಬಾರದು. ಕರ್ಚೀಫಿನ ಮೇಲೆ ಅರಿಶಿನ ಕುಂಕುಮ ಕಲಸಿದ ಹಾಗೆ ಕೆಂಪು ಪಟ್ಟೆ ಬಂತು, ಬೆರಳಲ್ಲಿ ತಿಕ್ಕಿದರೆ ನುಣ್ಣನೆ ಮರಳು. ಅಷ್ಟೂ ಇಂಜಿನ್ ಒಳಗೆ ಹೋಗುತ್ತಿದ್ದದ್ದು. ಸಿಲಿಂಡರ್ ಗೋಡೆಗೂ ಪಿಸ್ಟನ್ ರಿಂಗಿಗೂ ಉಜ್ಜುವ ಕಾಗದ ಹಾಕಿದ ಹಾಗೇ ಅಲ್ವಾ? ಪೈಪ್ ತೊಳೆದು, ಫಿಲ್ಟರ್ ತೊಳೆದು ಎಣ್ಣೆ ಹಚ್ಚಿ, ಸಾಕ್ಸು ಹಾಕಿ ಮೂರು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಒರೆಸಿದೆ. ತೆಳುವಾಗಿ ಎಣ್ಣೆ ಜಿಡ್ಡು, ಕೆಂಪು ಇಲ್ಲ. ಸಾಕ್ಸಿನ ಹೊರಗೆ ಮಾತ್ರ ಇಟ್ಟಿಗೆ ಪುಡಿ ಮೆತ್ತಿದ ಹಾಗಿತ್ತು.

ಅದರ ನಂತರ ಒಂದು ಸಲ ಕೆಂಪು ಮತ್ತೆ ಬಂತು. ಸಾಕ್ಸು ತೂತಾಯಿತು ಅಂದುಕೊಂಡು ಬೈದುಕೊಂಡೆ. ನೋಡಿದರೆ ಹಿಂದಿನ ವಾರ ಸರ್ವಿಸ್ ಮಾಡಿದ ಹುಡುಗ ಫಿಲ್ಟರ್ ಬುಡದ ಕ್ಲ್ಯಾಂಪ್ ಬಿಗಿ ಮಾಡಿರಲಿಲ್ಲ, ಅಲ್ಲಿಂದಲೇ ಧೂಳು ಒಳಗೆ. ಸಾಕ್ಸು ಎಷ್ಟೇ ಒಳ್ಳೆಯದಿರಲಿ, ಕ್ಲ್ಯಾಂಪ್ ಸಡಿಲ ಇದ್ದರೆ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆಗೆದಿಟ್ಟ ಹಾಗೆ. ಎಲಾಸ್ಟಿಕ್ಕಿನ ಅಂಚು ಕ್ಲ್ಯಾಂಪಿನ ಅಡಿಗೆ ಸಿಕ್ಕಿಕೊಳ್ಳದ ಹಾಗೂ ನೋಡಿಕೊಳ್ಳಿ, ಸಿಕ್ಕಿಕೊಂಡರೆ ಅಲ್ಲಿ ಸಂದಿ ಬೀಳುತ್ತದೆ.

ಇನ್ನು ಮಳೆ. ಹೊಸದರಲ್ಲಿ ಸಾಕ್ಸಿನ ಮೇಲೆ ನೀರು ಚಿಮುಕಿಸಿದರೆ ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಮುತ್ತು ಮುತ್ತಾಗಿ ಉರುಳುತ್ತಿತ್ತು. ಮಾವನವರು ಅಂಗಳದಲ್ಲಿ ನಿಂತು ನೋಡಿ "ಅಡ್ಡಿಲ್ಲ ಮಾರಾಯ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು. ಮುಂದಿನ ಲಾರಿಯ ಚಕ್ರದಿಂದ ಎದ್ದ ತುಂತುರು, ಗ್ರಿಲ್ಲಿನಿಂದ ನುಗ್ಗುವ ಎರಚಲು, ಇಷ್ಟನ್ನು ತಡೆಯುತ್ತದೆ. ಘಾಟಿಯಲ್ಲಿ ಮತ್ತೆ ಏದುಸಿರು ಬರಲಿಲ್ಲ.

ಆದರೂ ಎರಡನೇ ಮಳೆಗಾಲದಲ್ಲಿ ಒಂದು ಸಂಜೆ ಬಾನೆಟ್ ತೆಗೆದರೆ ಸಾಕ್ಸಿನ ಒಂದು ಬದಿ ಮಾತ್ರ ಕೆಸರು ಮೆತ್ತಿಕೊಂಡು ತೊಟ್ಟಿಕ್ಕುತ್ತಿದೆ. ಬಾನೆಟ್ ಕಡೆಯಿಂದ ಅಲ್ಲ, ಚಕ್ರದ ಕಡೆಯಿಂದ. ತೀರ್ಥಹಳ್ಳಿಯ ಮೆಕ್ಯಾನಿಕ್ ಬಗ್ಗಿ ಟಾರ್ಚ್ ಹಾಕಿ ನೋಡಿ, "ಸಾರ್, ನೀವು ಮೇಲೆ ಟೋಪಿ ಹಾಕಿದ್ದೀರಿ, ಕೆಳಗೆ ಚಡ್ಡಿನೇ ಇಲ್ವಲ್ಲ" ಅಂದರು. ಮಡ್‌ಗಾರ್ಡಿನ ಒಳಗೆ ಚಕ್ರಕ್ಕೂ ಇಂಜಿನ್ನಿಗೂ ನಡುವೆ ಒಂದು ಕಪ್ಪು ಪ್ಲಾಸ್ಟಿಕ್ ಲೈನರ್ ಇರುತ್ತದೆ. ಅದರ ಮೂರು ಕ್ಲಿಪ್ ಮುರಿದು ಲೈನರ್ ಜೋತುಬಿದ್ದಿತ್ತು, ಚಕ್ರ ಎರಚಿದ ನೀರೆಲ್ಲ ನೇರ ಫಿಲ್ಟರಿಗೆ. ಮೂರು ಕ್ಲಿಪ್ಪಿಗೆ 60 ರೂಪಾಯಿ. ಮುಂದಿನ ಟ್ರಿಪ್ಪಿಗೆ ಸಾಕ್ಸು ಹೆಚ್ಚುಕಮ್ಮಿ ಒಣಗಿಯೇ ಇತ್ತು. ಸಾವಿರದ ಎಂಟುನೂರು ಕೊಟ್ಟಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಆ ಅರವತ್ತು ರೂಪಾಯಿ. ಹಾಗಾಗಿ ಸಾಕ್ಸು ಕೊಳ್ಳುವ ಮೊದಲು ಒಮ್ಮೆ ಚಕ್ರ ತಿರುಗಿಸಿ ಅಲ್ಲಿ ಕೈ ಹಾಕಿ ನೋಡಿ.

ಅದೇ ಹೊತ್ತಲ್ಲಿ ಹೊಸಪೇಟೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಶೀಟ್ ಬಗ್ಗಿಸಿ ಫಿಲ್ಟರಿನ ಸುತ್ತ ಒಂದು ಗೋಡೆ ಮಾಡಿಸಿದೆ, ಮೇಲಂಚಿಗೆ ಬಾನೆಟ್ಟಿಗೆ ತಾಗುವ ಹಾಗೆ ರಬ್ಬರ್ ಬೀಡಿಂಗ್. 700 ರೂಪಾಯಿ. ಇಂಜಿನ್ನಿನ ಬಿಸಿ ಗಾಳಿಯೂ ಕಮ್ಮಿ, ಎರಚಲೂ ಕಮ್ಮಿ. ಕೆಳಗೆ ಮಾತ್ರ ನೀರು ಇಳಿದು ಹೋಗಲು ಸಂದಿ ಬಿಡಿಸಿ, ಇಲ್ಲದಿದ್ದರೆ ನೀವೇ ಕೈಯಾರೆ ಬಾಣಲೆ ಮಾಡಿಟ್ಟ ಹಾಗೆ.

ಈಗ ಮುಖ್ಯವಾದ ಎಚ್ಚರಿಕೆ. ಡಬ್ಬದ ಮೇಲೆ ದೊಡ್ಡದಾಗಿ ಮಳೆಹನಿ ಚಿತ್ರ ಹಾಕಿರುತ್ತಾರೆ. ಅದನ್ನು ನಂಬಿ ನಿಂತ ನೀರಿಗೆ ಇಳಿಯಬೇಡಿ. ನೀರು ಉರುಳಿಸುವುದು ಬೇರೆ, ಮುಳುಗಿದಾಗ ತಡೆಯುವುದು ಬೇರೆ. ಫಿಲ್ಟರ್ ನೀರಲ್ಲಿ ಮುಳುಗಿತು ಅಂದರೆ ಇಂಜಿನ್ ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ ಎಳೆದುಕೊಳ್ಳುತ್ತದೆ, ಸಾಕ್ಸು ಏನೂ ಮಾಡಲಾರದು. ಎಷ್ಟು ನೀರು ಸಾಕು ಗೊತ್ತಾ? 1197 ಸಿಸಿ, ನಾಲ್ಕು ಸಿಲಿಂಡರ್, ಒಂದಕ್ಕೆ ಸುಮಾರು 300. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 30 ಸಿಸಿ ಆಸುಪಾಸು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಅರ್ಧ ಬೈಟು ಕಾಫಿಯಷ್ಟು ನೀರು ಒಂದು ಸಿಲಿಂಡರಿಗೆ ಹೋದರೂ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಗ್ಗಬಹುದು. ನನ್ನ ಫಿಲ್ಟರ್ ಹೆಡ್‌ಲೈಟ್ ಮಟ್ಟದಲ್ಲಿದೆ, ಅಷ್ಟರ ಮಟ್ಟಿಗೆ ಬಚಾವ್. ತಣ್ಣನೆ ಗಾಳಿ ಸಿಗಲಿ ಅಂತ ಬಂಪರ್ ಹಿಂದೆ ಕೆಳಗೆ ಫಿಲ್ಟರ್ ಕೂರಿಸುವ ಕಿಟ್‌ಗಳಿವೆ. ನಮ್ಮ ಮಳೆಗಾಲಕ್ಕೆ ಅದು ನನ್ನ ಪ್ರಕಾರ ಬೇಡವೇ ಬೇಡ, ಯಾವ ಸಾಕ್ಸು ಹಾಕಿದರೂ. ನೀರಿನ ನಡುವೆ ಇಂಜಿನ್ ಆಫ್ ಆದರೆ ಮತ್ತೆ ಕೀ ತಿರುಗಿಸಬೇಡಿ, ತಳ್ಳಿಸಿ, ಟೋ ಮಾಡಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ತೆಗೆಸಿದ ಮೇಲೇ ಸ್ಟಾರ್ಟ್. ಇನ್ಶೂರೆನ್ಸ್ ಪೇಪರ್ ಕೂಡ ಒಮ್ಮೆ ತೆಗೆದು ನೋಡಿ. ಇಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ (ಆಡ್ ಆನ್) ಇಲ್ಲದೆ ನೀರು ಕುಡಿದ ಇಂಜಿನ್ನಿಗೆ ದುಡ್ಡು ಸಿಗುವುದು ಕಷ್ಟ, ಗಾಳಿ ಒಳಗೆಳೆಯುವ ಭಾಗ (ಇಂಟೇಕ್) ಬದಲಾಯಿಸಿದ್ದು ತಿಳಿಸಿಲ್ಲ ಅಂತ ತಕರಾರು ಬೇರೆ ಬರಬಹುದು.

ತೊಳೆಯುವುದು ಸುಲಭ. ಸಂಡೂರು ಓಡಾಟ ಇರುವಾಗ ನಾನು ಎರಡು ಮೂರು ಸಾವಿರ ಕಿಲೋಮೀಟರಿಗೆ ಒಮ್ಮೆ ತೆಗೆದು, ಒಳಗಿನಿಂದ ಹೊರಗೆ ನಲ್ಲಿ ನೀರು ಬಿಟ್ಟು, ಸ್ವಲ್ಪ ಶಾಂಪೂ ಹಾಕಿ ಅದ್ದಿ ತೆಗೆದು, ನೆರಳಲ್ಲಿ ಒಣಗಿಸುತ್ತೇನೆ. ಸೋಂಬೇರಿತನ ಮಾಡಿ ಮುಂದೂಡಬೇಡಿ, ಧೂಳು ಗಟ್ಟಿಯಾದರೆ 5000 ಆರ್‌ಪಿಎಂ ಮೇಲೆ ಗಾಡಿ ಮಂಕಾಗುವುದು ಗೊತ್ತಾಗುತ್ತದೆ. ಬ್ರಶ್ ಬೇಡ, ಪೆಟ್ರೋಲ್ ಬೇಡ, ಕಂಪ್ರೆಸರ್ ಗಾಳಿಯಂತೂ ಬೇಡ. ಒಂದು ಗ್ಯಾರೇಜಿನಲ್ಲಿ ನಾನು ಟೀ ಕುಡಿಯಲು ಹೋಗಿ ಬರುವಷ್ಟರಲ್ಲಿ ಏರ್ ಗನ್ ಹಿಡಿದು ಊದಿ ಹೊಲಿಗೆ ಒಂದಿಂಚು ಬಿಡಿಸಿಟ್ಟಿದ್ದರು. ಪಕ್ಕದ ಟೈಲರ್ ಹತ್ತು ರೂಪಾಯಿ ತಗೊಂಡು ನಗುತ್ತಲೇ ಹೊಲಿದುಕೊಟ್ಟರು. ಸಾಕ್ಸು ಇದೆ ಅಂತ ಒಳಗಿನ ಫಿಲ್ಟರಿಗೆ ಎಣ್ಣೆ ಮರೆಯಬೇಡಿ, ಹಾಗಂತ ಸುರಿಯಲೂ ಬೇಡಿ, ಪೈಪಿನಲ್ಲಿ ಒಳಹೋಗುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಯಾದರೆ ಎಣ್ಣೆ ಹೋಗಿ ಅದಕ್ಕೆ ಮೆತ್ತಿಕೊಳ್ಳುತ್ತದೆ.

ಬೇಸರದ ವಿಷಯ ಅಂದರೆ ಕೋಟಿಂಗ್. ಒಂದೂವರೆ ವರ್ಷಕ್ಕೇ ಕೆಸುವಿನ ಎಲೆ ಹೋಗಿ ಬಾಳೆಲೆ ಆಯಿತು, ಈಗ ಬರೀ ಬಟ್ಟೆ. ನೀರು ಉರುಳುವುದಿಲ್ಲ, ನಿಲ್ಲುತ್ತದೆ. ಟೆಂಟ್, ಜಾಕೆಟ್‌ಗೆ ಹೊಡೆಯುವ ಸ್ಪ್ರೇ ಒಮ್ಮೆ ತೆಳುವಾಗಿ ಹೊಡೆದು ಒಂದು ದಿನ ಒಣಗಿಸಿ ಹಾಕಿದೆ, ಎರಡು ತಿಂಗಳು ಬಂತು ಅಷ್ಟೇ. ಎಲಾಸ್ಟಿಕ್ ಕೂಡ ಇಂಜಿನ್ ಬಿಸಿಗೆ ಸಡಿಲವಾಗಿದೆ. ಪವರ್, ಮೈಲೇಜ್ ಏರಿತಾ ಅಂತ ಕೇಳುವವರಿಗೆ: ಇಲ್ಲ. ಇಳಿಯಲೂ ಇಲ್ಲ, 16ರ ಆಸುಪಾಸಲ್ಲೇ ಇದೆ.

ಮೇ ಕೊನೆಯೊಳಗೆ ಹೊಸದು ಹಾಕಬೇಕು. ಈ ಸಲ ಟೇಪ್ ಹಿಡಿದು ಬುಡದ ಅಗಲ, ತುದಿಯ ಅಗಲ, ಉದ್ದ ಮೂರನ್ನೂ ಅಳೆದು ಬರೆದಿಟ್ಟಿದ್ದೇನೆ. ಹೋದ ಸಲ ಕಣ್ಣಂದಾಜಿನಲ್ಲಿ ತಂದು ತುದಿಯಲ್ಲಿ ಅರ್ಧ ಇಂಚು ಸುಕ್ಕು ಉಳಿದು, ಧೂಳೆಲ್ಲ ಅಲ್ಲೇ ಸೇರಿಕೊಳ್ಳುತ್ತಿತ್ತು. ಹಳೆಯದನ್ನು ಬಿಸಾಕುವುದಿಲ್ಲ, ಬೇಸಿಗೆಯ ಸಂಡೂರಿಗೆ ಅದು ಇನ್ನೂ ಸಾಕು. ಮಧ್ಯೆ ಎಲ್ಲಾದರೂ ಸ್ವಿಫ್ಟಿನ ಕಂಪನಿ ಏರ್‌ಬಾಕ್ಸ್ ಒಳ್ಳೆ ಕಂಡೀಷನ್ನಿನಲ್ಲಿ ಗುಜರಿಗೆ ಬಂದಿದ್ದರೆ ಹೇಳಿ, ಸಾಕ್ಸು ಫಿಲ್ಟರ್ ಎರಡನ್ನೂ ಬಿಚ್ಚಿಡುವುದಕ್ಕೂ ನಾನು ತಯಾರಿದ್ದೇನೆ.