ಮೊದಲ ಸಂಪುಟ ಬರೆದುಕೊಟ್ಟರೆ ಸರಣಿಯೇ ಹೋಯಿತು: ಪ್ಯಾಕೇಜ್ ಪ್ರಕಾಶಕರ ಬಗ್ಗೆ ಎಚ್ಚರ

ಮೂರು ಸಂಪುಟದ ಫ್ಯಾಂಟಸಿ ಕಾದಂಬರಿಗೆ ಕೈಹಾಕಿ, ಮೊದಲನೆಯದನ್ನು ಮುಗಿಸಿ, ‘ಸ್ವಪ್ರಕಾಶನಕ್ಕೆ ನೆರವು’ ಎಂದು ಜಾಹೀರಾತು ಕೊಟ್ಟು, ಲೇಖಕರಿಂದಲೇ ದುಡ್ಡು ಪಡೆದು ಸಂಪಾದನೆ, ಮುಖಪುಟ, ಮುದ್ರಣಗಳನ್ನು ಒಂದೇ ‘ಪ್ಯಾಕೇಜ್’ ಆಗಿ ಮಾಡಿಕೊಡುವ ಸಂಸ್ಥೆಗೆ ಹಸ್ತಪ್ರತಿ ಒಪ್ಪಿಸುವ ಯೋಚನೆಯಲ್ಲಿರುವವರಿಗಾಗಿ ಈ ಬರಹ. ಕಟ್ಟಿದ ದುಡ್ಡು ಹೋಗುವುದು ಇದರಲ್ಲಿ ಚಿಕ್ಕ ನಷ್ಟ. ದೊಡ್ಡದು ಗೊತ್ತಾಗುವುದು ಎರಡನೆಯ ಸಂಪುಟ ಬರೆದು ಮುಗಿಸಿದಾಗ.

ಶುರುವಾಗುವುದು ಹೊಗಳಿಕೆಯಿಂದ. ಹಸ್ತಪ್ರತಿ ಕಳಿಸಿದ ಎರಡು-ಮೂರು ದಿನಕ್ಕೇ ‘ನಮ್ಮ ಸಂಪಾದಕ ಮಂಡಳಿ ಮೆಚ್ಚಿದೆ’ ಎಂಬ ಮೇಲ್ ಬರುತ್ತದೆ. 1,20,000 ಪದಗಳ ಕಾದಂಬರಿಯನ್ನು ಅಷ್ಟರೊಳಗೆ ಓದಿ ತೀರ್ಮಾನಿಸುವ ಮಂಡಳಿ ಎಲ್ಲಿದ್ದೀತು? ಮೇಲ್‌ನಲ್ಲಿ ನಿಮ್ಮ ಪಾತ್ರಗಳ ಹೆಸರಿದೆ ಎಂದು ಹಿಗ್ಗಬೇಡಿ, ಅದನ್ನು ಈಗ ಯಂತ್ರವೇ ಬರೆದುಕೊಡುತ್ತದೆ. 2004ರಲ್ಲಿ ಅಮೆರಿಕದ ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಲೇಖಕರ ಗುಂಪೊಂದು ಇಂಥ ‘ಮೆಚ್ಚುಗೆ’ಯನ್ನು ಪರೀಕ್ಷಿಸಲೆಂದೇ ‘ಅಟ್ಲಾಂಟಾ ನೈಟ್ಸ್’ ಎಂಬ ಕಾದಂಬರಿಯನ್ನು ಆದಷ್ಟೂ ಕೆಟ್ಟದಾಗಿ ಬರೆದು, ದುಡ್ಡಿಗೆ ಪುಸ್ತಕ ಹಾಕುತ್ತದೆಂಬ ಆರೋಪ ಹೊತ್ತಿದ್ದ ಸಂಸ್ಥೆಯೊಂದಕ್ಕೆ ಕಳಿಸಿತು. ಅದರಲ್ಲಿ ಒಂದು ಅಧ್ಯಾಯವೇ ಇರಲಿಲ್ಲ, ಇನ್ನೊಂದು ಅಕ್ಷರ ಬಿಡದೆ ಎರಡು ಸಲ ಬಂದಿತ್ತು, ಮತ್ತೊಂದನ್ನು ಕಂಪ್ಯೂಟರ್ ಪ್ರೋಗ್ರಾಂ ತಲೆಬುಡವಿಲ್ಲದೆ ಹೆಣೆದಿತ್ತು. ಒಪ್ಪಿಗೆ ಪತ್ರ ಬಂತು. ವಿಷಯ ಬಯಲಾದ ಮೇಲೆ ಸಂಸ್ಥೆ ಅದನ್ನು ಹಿಂತೆಗೆದುಕೊಂಡಿತು.

ಹೊಗಳಿಕೆಯ ಬೆನ್ನಿಗೇ ಒಪ್ಪಂದ ಬರುತ್ತದೆ. ‘ಕೃತಿಸ್ವಾಮ್ಯ ಲೇಖಕರದ್ದೇ’ ಎಂದು ದಪ್ಪಕ್ಷರದಲ್ಲಿರುತ್ತದೆ. ಅದು ನಿಜವೂ ಹೌದು. ಆದರೆ ಕೆಳಗಿನ ಸಾಲುಗಳಲ್ಲಿ ಮುದ್ರಣ, ಇ-ಪುಸ್ತಕ, ಆಡಿಯೊ, ಅನುವಾದ ಎಲ್ಲದರ ಅನನ್ಯ (ಬೇರಾರಿಗೂ ಕೊಡಲಾಗದ) ಹಕ್ಕನ್ನು ಐದು, ಏಳು ವರ್ಷಕ್ಕೋ ಕೃತಿಸ್ವಾಮ್ಯ ಇರುವಷ್ಟು ಕಾಲಕ್ಕೋ ಸಂಸ್ಥೆಗೆ ಬರೆದುಕೊಟ್ಟಿರುತ್ತೀರಿ. ‘ಮುದ್ರಣ ನಿಂತರೆ ಹಕ್ಕು ವಾಪಸ್’ ಎಂಬ ಷರತ್ತು ಕಂಡು ಸಮಾಧಾನಪಡುವವರಿದ್ದಾರೆ. ಪ್ರಿಂಟ್ ಆನ್ ಡಿಮ್ಯಾಂಡ್, ಅಂದರೆ ಬೇಡಿಕೆ ಬಂದಾಗಷ್ಟೇ ಪ್ರತಿ ಮುದ್ರಿಸುವ ಪದ್ಧತಿ, ಬಂದ ಮೇಲೆ ಮುದ್ರಣ ನಿಲ್ಲುವುದೇ ಇಲ್ಲ. ಒಂದು ಪ್ರತಿಯೂ ಮಾರಾಟವಾಗದಿದ್ದರೂ ಪುಸ್ತಕ ‘ಲಭ್ಯ’ವೇ. ಷರತ್ತು ಸಂಖ್ಯೆಯಲ್ಲಿರಬೇಕು: ಸತತ 12 ತಿಂಗಳಲ್ಲಿ ಇಷ್ಟು ಪ್ರತಿಗಿಂತ ಕಡಿಮೆ ಹೋದರೆ, ಲೇಖಕರು ಬರೆದು ತಿಳಿಸಿದ ಇಷ್ಟು ದಿನದಲ್ಲಿ ಹಕ್ಕು ಮರಳುತ್ತದೆ ಎಂದು.

ಬಿಡಿ ಕಾದಂಬರಿಯಾದರೆ ಇಷ್ಟಕ್ಕೇ ಮುಗಿಯುತ್ತದೆ. ಸರಣಿಯ ಕಷ್ಟ ಬೇರೆ. ಹೊಸ ಓದುಗರು ಒಳಗೆ ಬರುವುದು ಮೊದಲ ಸಂಪುಟದ ಮೂಲಕವೇ. ಹಾಗಾಗಿ ಅನುಭವಸ್ಥ ಲೇಖಕರು ಅದರ ಇ-ಪುಸ್ತಕದ ಬೆಲೆ ಇಳಿಸುತ್ತಾರೆ, ಕೆಲವು ದಿನ ಉಚಿತವಾಗಿಯೂ ಬಿಡುತ್ತಾರೆ. ಗಳಿಕೆ ಎರಡು, ಮೂರನೆಯದರಲ್ಲಿ. ಆ ಬಾಗಿಲಿನ ಕೀಲಿ ಬೇರೆಯವರ ಕೈಗೆ ಹೋದರೆ ಬೆಲೆ ಇಳಿಸಲಾಗದು, ಮೂರನ್ನೂ ಸೇರಿಸಿ ಒಂದು ಸಂಕಲನ ತರಲಾಗದು. ಮುಖಪುಟವೂ ಕಥಾಲೋಕದ ನಕ್ಷೆಯೂ ಅವರ ಕಲಾವಿದರದ್ದಾದರೆ ಮುಂದಿನ ಸಂಪುಟಕ್ಕೆ ಹೊಂದುವ ಮುಖಪುಟವೂ ಇಲ್ಲ, ಅದೇ ನಕ್ಷೆಯೂ ಇಲ್ಲ. ‘ಇದೇ ಪಾತ್ರ ಅಥವಾ ಲೋಕವನ್ನಾಧರಿಸಿದ ಮುಂದಿನ ಕೃತಿಗಳನ್ನು ಮೊದಲು ನಮಗೇ ಕೊಡತಕ್ಕದ್ದು’ ಎಂಬ ಸಾಲಿದ್ದರಂತೂ ನೀವು ಕಟ್ಟಿದ ಲೋಕದಲ್ಲಿ ನೀವೇ ಬಾಡಿಗೆದಾರರು.

‘ನೂರಕ್ಕೆ ನೂರು ರಾಯಲ್ಟಿ’ ಎಂಬ ಮಾತನ್ನೂ ಬಿಡಿಸಿ ನೋಡಿ. ಮುಖಬೆಲೆ 100 ಎಂದಿಟ್ಟುಕೊಳ್ಳಿ. ವಿತರಕರು, ಅಂಗಡಿಗಳ ರಿಯಾಯಿತಿಗೆ 55 ಹೋದರೆ ಉಳಿಯುವುದು 45. ಫ್ಯಾಂಟಸಿ ಕಾದಂಬರಿ ದಪ್ಪ. ಮುದ್ರಣಕ್ಕೆ 38 ತಗುಲಿದರೆ ಕೈಗೆ 7. ಆ ಏಳರ ನೂರು ಪಾಲು ನಿಮಗೆ! ಆ 38ರಲ್ಲಿ ಸಂಸ್ಥೆಯ ಲಾಭವೂ ಸೇರಿದೆಯೇ ಎಂದು ಪತ್ತೆಹಚ್ಚಲು ಮುದ್ರಕರ ಬಿಲ್ ನಿಮ್ಮ ಬಳಿ ಇರುವುದಿಲ್ಲ. ನಿಜವಾದ ವ್ಯಾಪಾರ ನಡೆಯುವುದು ‘ಲೇಖಕರ ಪ್ರತಿ’ಗಳಲ್ಲಿ, ಅಂದರೆ ಗಿರಾಕಿ ನೀವೇ.

ಕೆಲಸದ ಗುಣಮಟ್ಟ ಹೇಗಿರುತ್ತದೆಂದರೆ, ಎಲ್ಲ ಪುಸ್ತಕಕ್ಕೂ ಒಂದೇ ಅಚ್ಚು. ಕರಡು ತಿದ್ದುವುದೆಂದರೆ ತಂತ್ರಾಂಶ ಓಡಿಸುವುದು. ನೀವು ಹುಟ್ಟಿಸಿದ ಊರು, ಕುಲ, ಮಂತ್ರದ ಹೆಸರುಗಳನ್ನು ಅದು ತಪ್ಪೆಂದು ತಿಳಿದು ಬದಲಿಸುತ್ತದೆ. ಹತ್ತನೆಯ ಅಧ್ಯಾಯದ ರಾಜ ಇಪ್ಪತ್ತರಲ್ಲಿ ಬೇರೆ ಹೆಸರಿನವನಾಗುತ್ತಾನೆ. ಎರಡು ಪುಟಕ್ಕೆ ಹರಡಿದ ನಕ್ಷೆಯ ನಡುವಿನ ರಾಜ್ಯ ಹೊಲಿಗೆಯೊಳಗೆ ಮುಳುಗುತ್ತದೆ. ಅಮೆಜಾನ್‌ನ ಸ್ವಪ್ರಕಾಶನ ವೇದಿಕೆಯಾದ ಕೆಡಿಪಿಯಲ್ಲಿ 301ರಿಂದ 500 ಪುಟದ ಪುಸ್ತಕಕ್ಕೆ ಒಳ ಅಂಚು ಕನಿಷ್ಠ 0.625 ಇಂಚು ಬೇಕು. ತೆಳು ಪುಸ್ತಕದ ಅಚ್ಚಿನಲ್ಲಿ ಅಷ್ಟಿರುವುದಿಲ್ಲ. ಬಣ್ಣದಲ್ಲಿ ಬರೆದ ನಕ್ಷೆಯನ್ನು ಕಪ್ಪು-ಬಿಳುಪಿಗಿಳಿಸಿದಾಗ ನದಿಯೂ ಗಡಿಯೂ ಒಂದೇ ಬೂದು ಗೆರೆ. 400 ಪುಟಕ್ಕೆ ಬಿಳಿ ಕಾಗದದಲ್ಲಿ ಪುಸ್ತಕದ ಬೆನ್ನು ಸುಮಾರು 0.9 ಇಂಚು, ಕ್ರೀಮ್ ಕಾಗದದಲ್ಲಿ 1 ಇಂಚು. ಒಂದರ ಅಳತೆಗೆ ಮಾಡಿದ ಮುಖಪುಟವನ್ನು ಇನ್ನೊಂದಕ್ಕೆ ಸುತ್ತಿದರೆ ಬೆನ್ನಿನ ಮಡಿಕೆ ತಪ್ಪಾದ ಕಡೆ ಬೀಳುತ್ತದೆ.

ಇವೆಲ್ಲ ಸರಿಪಡಿಸಬಹುದಾದ ತಪ್ಪುಗಳೇ, ಮೂಲ ಕಡತ ನಿಮ್ಮಲ್ಲಿದ್ದರೆ. ಆದರೆ ಸಂಸ್ಥೆ ಕೊಡುವುದು ಪಿಡಿಎಫ್ ಮಾತ್ರ. ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಪುಟ ಕಟ್ಟಿದ್ದರೆ ಆ ಪಿಡಿಎಫ್‌ನಿಂದ ಕನ್ನಡ ಪಠ್ಯ ನೆಟ್ಟಗೆ ಹೊರಬರುವುದಿಲ್ಲ, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ.

ಸಂಪಾದಕರಿಗೆ, ಕಲಾವಿದರಿಗೆ ದುಡ್ಡು ಕೊಡುವುದು ತಪ್ಪಲ್ಲ. ಸ್ವಪ್ರಕಾಶನದಲ್ಲಿ ಪ್ರಕಾಶಕರು ನೀವೇ ತಾನೇ. ದುಡ್ಡೂ ನಿಮ್ಮದು, ಹಕ್ಕು ಮಾತ್ರ ಅವರದು ಎಂಬಲ್ಲಿ ಎದ್ದು ಬನ್ನಿ. ಮುಂಗಡಕ್ಕೆ ಮೊದಲೇ ಪೂರ್ತಿ ಒಪ್ಪಂದ ಕೇಳಿ ಪಡೆಯಿರಿ. 1,500 ಪದ ಕೊಟ್ಟು, ತಿದ್ದುಪಡಿಗಳು ಕಾಣುವಂತೆ ಮಾದರಿ ಸಂಪಾದನೆ ಮಾಡಿಸಿ. ಜೊತೆಗೆ ನೀವು ಹುಟ್ಟಿಸಿದ ಹೆಸರುಗಳ ಪಟ್ಟಿ ಕೊಡಿ. ಮಾರಾಟದ ಖಾತೆ ನಿಮ್ಮ ಹೆಸರಲ್ಲೇ ಇರಲಿ, ಪಾಸ್‌ವರ್ಡ್ ಅವರಿಗೆ ಬೇಡ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನೀವೇ ಪಡೆಯಿರಿ. ಕೆಡಿಪಿ ಉಚಿತವಾಗಿ ಕೊಡುವುದನ್ನು ಬೇರೆ ಕಡೆ ಬಳಸುವಂತಿಲ್ಲ ಎಂಬುದೂ ನೆನಪಿರಲಿ. ನಕ್ಷೆ, ಮುಖಪುಟಗಳ ಪದರಗಳು ಬೇರೆಬೇರೆಯಾಗಿರುವ, ತಿದ್ದಬಹುದಾದ ಮೂಲ ಕಡತ ಮತ್ತು ಮುಂದಿನ ಸಂಪುಟ, ಆಡಿಯೊ, ಪ್ರಚಾರಗಳಿಗೆ ಬಳಸುವ ಹಕ್ಕು ಲಿಖಿತವಾಗಿ ಸಿಗಲಿ. ಸಂಸ್ಥೆಯ ಹೆಸರಿನ ಜೊತೆ ‘ರೈಟರ್ ಬಿವೇರ್’ ಎಂದು ಸೇರಿಸಿ ಹುಡುಕಿ. ಲೇಖಕರನ್ನು ವಂಚಿಸುವವರ ಮೇಲೆ ಕಣ್ಣಿಡುವ ಈ ಕೆಲಸವನ್ನು ಅಮೆರಿಕದ ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಲೇಖಕರ ಸಂಘದ ಆಶ್ರಯದಲ್ಲಿ 1998ರಲ್ಲಿ ಶುರುಮಾಡಿದರು.

ಆಗಲೇ ಸಹಿ ಹಾಕಿದ್ದರೆ, ಹೆಸರು ಬದಲಿಸಿ ಅದೇ ಕಾದಂಬರಿಯನ್ನು ಇನ್ನೊಂದು ಕಡೆ ಹಾಕುವ ಉಪಾಯಕ್ಕೆ ಹೋಗಬೇಡಿ. ಒಪ್ಪಂದ ಮುರಿದವರು ನೀವಾಗುತ್ತೀರಿ. ರದ್ದತಿಯ ನೋಟಿಸ್ ಅವಧಿ ನೋಡಿ, ಸಂಸ್ಥೆ ಮಾಡದೆ ಬಿಟ್ಟ ಕೆಲಸಗಳನ್ನು ದಿನಾಂಕಸಹಿತ ಪಟ್ಟಿಮಾಡಿ ಬರೆಯಿರಿ, ಹಕ್ಕು ಮರಳಿಸಿದ ಪತ್ರವನ್ನು ಸಹಿಯೊಡನೆ ಪಡೆಯಿರಿ. ಅದು ತಡವಾಗುವಂತಿದ್ದು, ‘ಮುಂದಿನ ಕೃತಿ’ಯ ಸಾಲು ಒಪ್ಪಂದದಲ್ಲಿ ಇಲ್ಲದಿದ್ದರೆ, ಅದೇ ಲೋಕದಲ್ಲಿ ನಡೆಯುವ, ಹಿಂದಿನದನ್ನು ಓದದೆಯೂ ಅರ್ಥವಾಗುವ ಬಿಡಿ ಕಾದಂಬರಿಯೊಂದನ್ನು ಬರೆದು ಅದನ್ನೇ ಸರಣಿಯ ಹೊಸ ಪ್ರವೇಶವಾಗಿಸಬಹುದು. ಬರೆಯುವ ಮೊದಲು ಒಪ್ಪಂದವನ್ನು ವಕೀಲರಿಗೆ ತೋರಿಸಿ.